ಜಾಲಹಳ್ಳಿಯ ವಾಲ್ವು, ಗಿಟಾರಿನ ದನಿ

ಗಿಟಾರ್ ಆಂಪ್ಲಿಫೈಯರಿನ ತವರುಮನೆ ರೇಡಿಯೊ ರಿಪೇರಿ ಅಂಗಡಿ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ಲಿಯೊ ಫೆಂಡರ್ 1938ರಲ್ಲಿ ತೆರೆದದ್ದು ಅಂಥದೇ ಒಂದು ಅಂಗಡಿಯನ್ನು. ರೇಡಿಯೊ, ಗ್ರಾಮಫೋನುಗಳ ಜೊತೆಗೆ ವಾದ್ಯಗಾರರು ತಮ್ಮ ಆಂಪ್ಲಿಫೈಯರುಗಳನ್ನೂ ಅಲ್ಲಿಗೆ ರಿಪೇರಿಗೆ ತರುತ್ತಿದ್ದರು. ಬಿಚ್ಚಿ ಜೋಡಿಸುತ್ತಲೇ ಅವುಗಳ ಒಳಗು ಹೊರಗು ತಿಳಿದ ಫೆಂಡರ್ ಮುಂದೆ ಸ್ವಂತದ್ದನ್ನು ಮಾಡತೊಡಗಿದರು. ಅವರ ಕಂಪನಿಯ ಚಾಂಪ್ ಎಂಬ ಪುಟ್ಟ ಆಂಪ್ಲಿಫೈಯರಿನ ಐವತ್ತರ ದಶಕದ ನಕ್ಷೆಯನ್ನು ನೋಡಿದರೆ ಅದು ಹಳೆಯ ರೇಡಿಯೊವಿನ ಹಿಂದಿನ ಅರ್ಧ ಭಾಗವೇ. ಒಳಗಿರುವುದು ಮೂರು ವಾಲ್ವು, ಅಂದರೆ ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ವಿದ್ಯುತ್ತನ್ನು ಹತೋಟಿಯಲ್ಲಿಡುವ ಭಾಗಗಳು. ದನಿಯನ್ನು ಎರಡು ಹಂತದಲ್ಲಿ ಹಿಗ್ಗಿಸುವ ಜೋಡಿ ಟ್ರಯೋಡ್ ಒಂದು, ಸ್ಪೀಕರನ್ನು ನಡೆಸುವ ಪವರ್ ವಾಲ್ವು ಒಂದು, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಒಂದು. ಐದು ವಾಟ್ ಶಕ್ತಿ, ಒಂದೇ ಒಂದು ವಾಲ್ಯೂಮ್ ಗುಂಡಿ.

ಇನ್ನೊಂದು ಕಥೆ ಲಂಡನ್ನಿನದು. ಹ್ಯಾನ್ವೆಲ್‌ನಲ್ಲಿ ಡ್ರಮ್ ಮಾರುತ್ತಿದ್ದ ಜಿಮ್ ಮಾರ್ಷಲ್ 1962ರಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಅವರೊಡನೆ ಸೇರಿ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪ್ಲಿಫೈಯರನ್ನು ಮುಂದಿಟ್ಟುಕೊಂಡು ತಮ್ಮದೊಂದನ್ನು ಕಟ್ಟಿಸಿದರು. ನಕ್ಷೆ ಹೆಚ್ಚುಕಡಿಮೆ ಅದೇ. ಸಾಮಾನು ಮಾತ್ರ ಇಂಗ್ಲೆಂಡಿನ ಮಾರುಕಟ್ಟೆಯದು. ಮೊದಲ ಹಂತಕ್ಕೆ ಇಸಿಸಿ83 ಎಂಬ ಜೋಡಿ ಟ್ರಯೋಡ್ ಬಂತು, ಅಮೆರಿಕದ ಪವರ್ ವಾಲ್ವುಗಳ ಜಾಗಕ್ಕೆ ಮುಂದೆ ಕೆಟಿ66 ಬಂತು, ಅಲ್ಲಿನ ಟ್ರಾನ್ಸ್‌ಫಾರ್ಮರ್ ಬಂತು, ಮುಚ್ಚಿದ ಪೆಟ್ಟಿಗೆಯಲ್ಲಿ ಸೆಲೆಶನ್ ಕಂಪನಿಯ ಸ್ಪೀಕರುಗಳು ಬಂದವು. ಅದೇ ಸರ್ಕ್ಯೂಟು ಬೇರೆಯದೇ ದನಿಯಲ್ಲಿ ಮಾತನಾಡತೊಡಗಿತು.

ಇವತ್ತು ಗಿಟಾರಿಗರು ಅಮೆರಿಕನ್ ನಾದ, ಬ್ರಿಟಿಷ್ ನಾದ ಎಂದು ಭಕ್ತಿಯಿಂದ ವಿಂಗಡಿಸುವುದರ ಬೇರು ಇಲ್ಲಿದೆ. ಯಾರೂ ಕುಳಿತು ಆ ನಾದವನ್ನು ಕಲ್ಪಿಸಿಕೊಂಡು ಕಟ್ಟಲಿಲ್ಲ. ತಮ್ಮೂರಿನ ಅಂಗಡಿಯಲ್ಲಿ ಏನು ಸಿಕ್ಕಿತೋ ಅದನ್ನು ಹಾಕಿದರು. ನಾನು ವಾಲ್ವು ಆಂಪ್ಲಿಫೈಯರ್ ಕಟ್ಟಬೇಕೆಂದು ಹೊರಟಾಗ ಗೆಳೆಯರು ಹೊರದೇಶದಿಂದ ಕಿಟ್ ತರಿಸಿಕೊಳ್ಳಲು ಹೇಳಿದರು. ಎಲ್ಲ ಭಾಗಗಳೂ ಎಣಿಸಿಟ್ಟಂತೆ ಬರುತ್ತವೆ, ನಕ್ಷೆ ನೋಡಿ ಬೆಸುಗೆ ಹಾಕಿದರಾಯಿತು. ಕಿಟ್ ಕಟ್ಟುವವರ ಬಗ್ಗೆ ನನಗೆ ಗೌರವವಿದೆ. ಆದರೆ ಫೆಂಡರ್, ಮಾರ್ಷಲ್ ಇಬ್ಬರೂ ಮಾಡಿದ್ದು ಅದಲ್ಲವಲ್ಲ. ಬೆಂಗಳೂರಿನಲ್ಲಿ ಕುಳಿತು ಅವರ ದಾರಿ ಹಿಡಿಯಬೇಕೆಂದರೆ ಬೆಂಗಳೂರಿನ ಸಾಮಾನಿನಲ್ಲೇ ಕಟ್ಟಬೇಕು. ಆ ಸಾಮಾನು ನಮ್ಮಲ್ಲಿತ್ತು, ಇನ್ನೂ ಇದೆ.

ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮೆಲ್ಲರ ಬಾಯಲ್ಲಿ ಬಿಇಎಲ್, ಸ್ಥಾಪನೆಯಾದದ್ದು 1954ರಲ್ಲಿ. ಸೇನೆಗೆ ಬೇಕಾದ ಸಂಪರ್ಕ ಸಾಧನಗಳನ್ನು ಮಾಡುವುದು ಅದರ ಮುಖ್ಯ ಕೆಲಸ. ಆದರೆ 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ಅಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯೂ ಶುರುವಾಯಿತು. ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಕಾಲ ಬಂದರೂ ವಾಲ್ವುಗಳ ಕೆಲಸ ನಿಲ್ಲಲಿಲ್ಲ. ದೇಶದ ಮನೆಮನೆಯ ರೇಡಿಯೊಗಳಿಗೆ, ಜಾತ್ರೆ ನಾಟಕಗಳ ಮೈಕ್ ಸೆಟ್ಟುಗಳಿಗೆ ಅವು ಬೇಕಿದ್ದವು. ನಾನು ಹುಡುಕಿದ ಇಸಿಸಿ83, ಇಎಲ್84 ಎರಡನ್ನೂ ಜಾಲಹಳ್ಳಿಯಲ್ಲಿ ಮಾಡಿದ್ದಾರೆ. ಇಎಲ್84 ಎಂದರೆ ವಾಕ್ಸ್ ಎಸಿ30 ಎಂಬ ಪ್ರಸಿದ್ಧ ಇಂಗ್ಲಿಷ್ ಆಂಪ್ಲಿಫೈಯರಿನಲ್ಲಿ ನಾಲ್ಕು ಕೂತಿರುವ ವಾಲ್ವು. ಜಗತ್ತಿನ ಗಿಟಾರಿಗರು ಹುಡುಕಿಕೊಂಡು ಹೋಗುವ ಈ ಜಾತಿಯ ವಾಲ್ವುಗಳನ್ನು ನಮ್ಮ ಊರಿನ ಕಾರ್ಮಿಕರು ಭೂತಗನ್ನಡಿಯ ಕೆಳಗೆ ಕೂದಲೆಳೆಯಂಥ ತಂತಿ ಸುತ್ತಿ ಮಾಡುತ್ತಿದ್ದರು ಎಂಬುದು ಬೆಂಗಳೂರಿನ ನೆನಪಿನಿಂದ ಜಾರಿಹೋಗಿದೆ. ಸಾಫ್ಟ್‌ವೇರಿನ ಬಗ್ಗೆ ಎಷ್ಟು ಬೇಕಾದರೂ ಹೇಳಿಕೊಳ್ಳುವ ಊರು ಇದನ್ನು ಹೇಳಿಕೊಳ್ಳದಿರುವುದು ನನಗೆ ನಿಜವಾಗಿ ನೋವಿನ ವಿಷಯ.

ಎಸ್.ಪಿ. ರಸ್ತೆಯ ಒಳಗಲ್ಲಿಗಳಲ್ಲಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಹಳೆಯ ರೇಡಿಯೊ ಸಾಮಾನು ಈಗಲೂ ಸಿಗುತ್ತದೆ, ಹುಡುಕುವ ತಾಳ್ಮೆ ಇರಬೇಕಷ್ಟೆ. ವಾಲ್ವು ಆರಿಸುವುದನ್ನು ನನಗೆ ಕಲಿಸಿದವರು ಅಲ್ಲಿನ ಒಬ್ಬ ಹಿರಿಯ ಮೆಕ್ಯಾನಿಕ್. ಬಿಸ್ಕತ್ತಿನ ಡಬ್ಬಿಯಲ್ಲಿ ಪೇಪರ್ ಸುತ್ತಿ ಇಟ್ಟಿದ್ದ ವಾಲ್ವುಗಳನ್ನು ಒಂದೊಂದಾಗಿ ತೆಗೆದು ಟ್ಯೂಬ್‌ಲೈಟಿಗೆ ಹಿಡಿದರು. ಗಾಜಿನ ನೆತ್ತಿಯ ಒಳಬದಿಗೆ ಕನ್ನಡಿಯ ಹಾಗೆ ಹೊಳೆಯುವ ಒಂದು ಮಚ್ಚೆ. "ಈ ಬೆಳ್ಳಿ ನೋಡಿ ಸರ್. ಇದು ಹೀಗೆ ಹೊಳೆಯುತ್ತಿದ್ದರೆ ಒಳಗೆ ಗಾಳಿ ಇಲ್ಲ ಎಂದರ್ಥ. ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದರೆ ಕೈಯಲ್ಲೂ ಮುಟ್ಟಬೇಡಿ" ಎಂದರು. ಅದು ಗೆಟರ್, ಬೇರಿಯಂ ಲೋಹದ ತೆಳು ಪದರ. ನಿರ್ವಾತದಲ್ಲಿ ಉಳಿದ ಚೂರುಪಾರು ಅನಿಲವನ್ನು ಹೀರಿಕೊಳ್ಳಲು ಕಾರ್ಖಾನೆಯಲ್ಲೇ ಅದನ್ನು ಒಳಗೆ ಆವಿ ಮಾಡಿ ಕೂರಿಸಿರುತ್ತಾರೆ. ಗಾಜು ಸೀಳಿ ಗಾಳಿ ಹೊಕ್ಕರೆ ಬೇರಿಯಂ ಸುಟ್ಟು ಬಿಳಿಯಾಗುತ್ತದೆ. ಆಮೇಲೆ ವಾಲ್ವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಒಳಗೆ ಏನೂ ಗಿಲಕಿಯಾಡಬಾರದು. ಮೀಟರಿನಲ್ಲಿ ಫಿಲಮೆಂಟ್, ಅಂದರೆ ಒಳಗೆ ಕಾಯುವ ತಂತಿ, ಸರಿಯಿದೆಯೇ ಎಂದು ನೋಡಿದರು. ಕಾಲುಗಳನ್ನು ಸವರಿ ತುಕ್ಕು ನೋಡಿದರು. ಡಬ್ಬಿಯಲ್ಲಿದ್ದವುಗಳಲ್ಲಿ ಅವರ ಪರೀಕ್ಷೆ ದಾಟಿ ನನ್ನ ಕೈಗೆ ಬಂದವು ಕೆಲವು ಮಾತ್ರ. ಉಳಿದವನ್ನು ಅವರು ನನಗೆ ಮಾರಲು ಒಪ್ಪಲಿಲ್ಲ.

ವಾಲ್ವಿನ ಮೇಲಿನ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಮೊದಲ ಅಕ್ಷರ ಇ ಆಗಿದ್ದರೆ ಹೀಟರಿಗೆ, ಅಂದರೆ ವಾಲ್ವನ್ನು ಒಳಗಿನಿಂದ ಕಾಯಿಸುವ ಆ ಫಿಲಮೆಂಟಿಗೆ, 6.3 ವೋಲ್ಟ್ ಬೇಕು. ಸಿ ಎಂದರೆ ಟ್ರಯೋಡ್, ಎರಡು ಸಿ ಇದ್ದರೆ ಒಂದೇ ಗಾಜಿನಲ್ಲಿ ಎರಡು ಟ್ರಯೋಡ್. ಎಲ್ ಎಂದರೆ ಪವರ್ ಪೆಂಟೋಡ್, ಸ್ಪೀಕರ್ ನಡೆಸುವ ವಾಲ್ವು. ಝಡ್ ಎಂದರೆ ರೆಕ್ಟಿಫೈಯರ್. ಎಂಬತ್ತರ ಸಾಲಿನ ಅಂಕೆ ಇದ್ದರೆ ಒಂಬತ್ತು ಕಾಲಿನ ಪುಟ್ಟ ಸಾಕೆಟ್. ನನ್ನ ಆಂಪ್ಲಿಫೈಯರಿಗೆ ಬೇಕಾದದ್ದು ಇಸಿಸಿ83, ಇಎಲ್84, ಇಝಡ್80. ಮೂರಕ್ಕೂ ಒಂದೇ ಬಗೆಯ ಸಾಕೆಟ್.

ಮೊದಲ ಅಕ್ಷರ ಯು ಆಗಿದ್ದರೆ ಮಾತ್ರ ಎಚ್ಚರ, ಇದನ್ನು ಒತ್ತಿ ಹೇಳಬೇಕು. ಯುಸಿಎಲ್82, ಯುವೈ85 ಮುಂತಾದ ವಾಲ್ವುಗಳಿರುವ ರೇಡಿಯೊಗಳು ಎಸಿ, ಡಿಸಿ ಎರಡರಲ್ಲೂ ನಡೆಯುವಂಥವು. ಕಲ್ಕತ್ತದಂಥ ನಗರಗಳ ಕೆಲವು ಭಾಗಗಳಲ್ಲಿ ಡಿಸಿ ವಿದ್ಯುತ್ತೇ ಮನೆಗೆ ಬರುತ್ತಿದ್ದ ಕಾಲಕ್ಕೆ ಹೊಂದುವಂತೆ ಮಾಡಿದವು. ಅವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಗೋಡೆಯ ಪ್ಲಗ್ಗಿನ ಒಂದು ತಂತಿ ನೇರವಾಗಿ ಚಾಸಿಗೆ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ಚೌಕಟ್ಟಿಗೆ, ಸೇರಿರುತ್ತದೆ. ರೇಡಿಯೊ ಮರದ ಪೆಟ್ಟಿಗೆಯೊಳಗೆ, ಪ್ಲಾಸ್ಟಿಕ್ ಗುಂಡಿಗಳ ಹಿಂದೆ ಇರುವಷ್ಟು ದಿನ ಅಪಾಯವಿಲ್ಲ. ಆದರೆ ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಚಾಸಿಗೆ ಕೂಡಿಕೊಂಡಿರುತ್ತವೆ. ಅಂಥ ರೇಡಿಯೊವನ್ನು ಗಿಟಾರಿಗೆ ಜೋಡಿಸಿದರೆ ಪ್ಲಗ್ ತಿರುವಿ ಹಾಕಿದ ದಿನ 230 ವೋಲ್ಟ್ ನುಡಿಸುವವರ ಬೆರಳಿಗೇ ಬರುತ್ತದೆ. ಹಳೆಯ ರೇಡಿಯೊವನ್ನೇ ಗಿಟಾರ್ ಆಂಪ್ಲಿಫೈಯರ್ ಮಾಡಿಕೊಳ್ಳುವ ಆಸೆ ಇರುವವರು ದಯವಿಟ್ಟು ಹಿಂದಿನ ರಟ್ಟು ತೆಗೆದು ಟ್ರಾನ್ಸ್‌ಫಾರ್ಮರ್ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ಇಲ್ಲದಿದ್ದರೆ ಅದನ್ನು ರೇಡಿಯೊವಾಗಿಯೇ ಇರಲು ಬಿಡಿ.

ಹಳೆಯದೆಲ್ಲ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಾಲ್ವು, ಸಾಕೆಟ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಇವು ಹಳೆಯವಿರಬಹುದು, ಇದ್ದರೇ ಚೆಂದ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕಂಡೆನ್ಸರುಗಳು ಹೊಸವೇ ಆಗಬೇಕು. ದೊಡ್ಡ ಫಿಲ್ಟರ್ ಕಂಡೆನ್ಸರುಗಳ ಒಳಗಿನ ರಾಸಾಯನಿಕ ದ್ರವ ದಶಕಗಳಲ್ಲಿ ಒಣಗಿಹೋಗಿರುತ್ತದೆ. ಮೇಣದಲ್ಲಿ ಅದ್ದಿದ ಕಾಗದದ ಕಂಡೆನ್ಸರ್ ಇನ್ನೂ ಕೆಟ್ಟದ್ದು. ಅದು ಕೂರುವ ಜಾಗ ಟ್ರಯೋಡಿನ ಆನೋಡಿಗೂ (ಎಲೆಕ್ಟ್ರಾನುಗಳು ಬಂದು ಸೇರುವ ತಗಡು) ಪವರ್ ವಾಲ್ವಿನ ಗ್ರಿಡ್ಡಿಗೂ (ಅವುಗಳ ಹರಿವನ್ನು ಹತೋಟಿಯಲ್ಲಿಡುವ ಜಾಲರಿ) ನಡುವೆ. ಒಂದು ಕಡೆ 150ಕ್ಕೂ ಹೆಚ್ಚು ವೋಲ್ಟ್ ಡಿಸಿ, ಇನ್ನೊಂದು ಕಡೆ ಸೊನ್ನೆ ಇರಬೇಕು. ಕಾಗದಕ್ಕೆ ತೇವ ಹಿಡಿದು ಡಿಸಿ ಸ್ವಲ್ಪ ಸೋರಿದರೂ ಗ್ರಿಡ್ ಪಾಸಿಟಿವ್ ಆಗುತ್ತದೆ, ಪವರ್ ವಾಲ್ವಿನಲ್ಲಿ ಹರಿಯುವ ವಿದ್ಯುತ್ತಿಗೆ ಲಗಾಮು ತಪ್ಪುತ್ತದೆ, ಆನೋಡ್ ಕೆಂಪಗೆ ಕಾದು ಕೊನೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಕೆಲವೇ ರೂಪಾಯಿಯ ಹೊಸ ಫಿಲ್ಮ್ ಕಂಡೆನ್ಸರ್ ಹಾಕದೆ, ಮತ್ತೆ ಸಿಗದ ವಾಲ್ವು ಮತ್ತು ಟ್ರಾನ್ಸ್‌ಫಾರ್ಮರುಗಳನ್ನು ಬಲಿಕೊಡುವುದು ಯಾವ ಪ್ರಾಮಾಣಿಕತೆ? ಹಳೆಯ ಕಂಡೆನ್ಸರಿನಲ್ಲಿ ವಿಶೇಷ ನಾದವಿದೆ ಎನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುವುದಿಲ್ಲ, ನನ್ನ ಚಾಸಿಯೊಳಗೆ ಮಾತ್ರ ಅದಕ್ಕೆ ಜಾಗವಿಲ್ಲ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಈ ಕೆಲಸದ ಜೀವಾಳ. ವಾಲ್ವಿನದು ಹೆಚ್ಚು ವೋಲ್ಟೇಜು, ಕಡಿಮೆ ವಿದ್ಯುತ್ ಪ್ರವಾಹ. ಸ್ಪೀಕರಿಗೆ ಬೇಕಾದದ್ದು ಅದರ ತಿರುಗುಮುರುಗು. ನಡುವಿನ ಸಂಧಾನ ಇದರದು. ಒಂದೇ ಒಂದು ಇಎಲ್84 250 ವೋಲ್ಟಿನಲ್ಲಿ ನಡೆಯುವಾಗ ಅದಕ್ಕೆ ಸುಮಾರು 5,200 ಓಮ್ ಭಾರ ಬೇಕು, ಸ್ಪೀಕರ್ ಇರುವುದು 8 ಓಮ್. ಗುಜರಿಯಲ್ಲಿ ಸಿಗುವ ಟ್ರಾನ್ಸ್‌ಫಾರ್ಮರಿನ ಮೇಲೆ ಯಾವ ಚೀಟಿಯೂ ಇರುವುದಿಲ್ಲ. ಆದ್ದರಿಂದ ಸ್ಪೀಕರ್ ಬದಿಗೆ 6.3 ವೋಲ್ಟ್ ಎಸಿ ಕೊಟ್ಟು ಇನ್ನೊಂದು ಬದಿಯಲ್ಲಿ ಎಷ್ಟು ಬರುತ್ತದೆ ಎಂದು ಅಳೆಯುತ್ತೇನೆ. 160 ವೋಲ್ಟ್ ಬಂದರೆ ಸುತ್ತುಗಳ ಅನುಪಾತ 25.4. ಅದರ ವರ್ಗ 645. ಎಂಟರಿಂದ ಗುಣಿಸಿದರೆ 5,160 ಓಮ್. ಬೇಕಾದದ್ದೇ ಕೈಯಲ್ಲಿದೆ. ಈ ಅಳತೆಯ ಹೊತ್ತಿಗೆ ತಂತಿಯ ತುದಿ ಮುಟ್ಟಬಾರದು, 160 ವೋಲ್ಟ್ ಆಟದ ಸಾಮಾನಲ್ಲ. ಹಳೆಯ ರೇಡಿಯೊಗಳಲ್ಲಿ ಸ್ಪೀಕರ್ ಸಾಮಾನ್ಯವಾಗಿ ಇನ್ನೂ ಕಡಿಮೆ ಓಮಿನದು, ಹಾಗಾಗಿ ಅವುಗಳ ಟ್ರಾನ್ಸ್‌ಫಾರ್ಮರಿಗೆ 8 ಓಮ್ ಸ್ಪೀಕರ್ ಹಾಕಿದರೆ ಲೆಕ್ಕ ತಪ್ಪುತ್ತದೆ. ನನಗೆ ಸಿಕ್ಕ ಟ್ರಾನ್ಸ್‌ಫಾರ್ಮರಿಗೆ ಹೊಂದುವ ಸ್ಪೀಕರನ್ನು ಹುಡುಕಿದೆನೇ ಹೊರತು ಸ್ಪೀಕರಿಗಾಗಿ ಟ್ರಾನ್ಸ್‌ಫಾರ್ಮರನ್ನು ಕೈಬಿಡಲಿಲ್ಲ.

ಮೇನ್ಸ್ ಟ್ರಾನ್ಸ್‌ಫಾರ್ಮರನ್ನು ಹೊಸದಾಗಿ ಸುತ್ತಿಸಿದೆ. ನಮ್ಮ ಬಡಾವಣೆಯಲ್ಲಿ ಪಂಪು, ಮಿಕ್ಸಿಗಳ ಮೋಟರ್ ಕಟ್ಟುವ ವೈಂಡಿಂಗ್ ಅಂಗಡಿ ಇದೆ. ಎರಡು ಬದಿಗೂ 250 ವೋಲ್ಟ್, ನಡುವೆ ಒಂದು ಟ್ಯಾಪ್, ಜೊತೆಗೆ 6.3 ವೋಲ್ಟಿನ ದಪ್ಪ ತಂತಿಯ ಸುತ್ತು ಎಂದು ಬರೆದುಕೊಟ್ಟಾಗ ಅಂಗಡಿಯವರು ಕಾಗದವನ್ನು ಬಹಳ ಹೊತ್ತು ನೋಡಿ, "ವಾಲ್ವ್ ಸೆಟ್ಟಿಗಾ ಸರ್? ನಮ್ಮ ತಂದೆ ಸುತ್ತುತ್ತಿದ್ದರು" ಎಂದರು. ಕೈಯಿಂದ ತಿರುಗಿಸುವ ಯಂತ್ರ, ಪಕ್ಕದಲ್ಲಿ ಸುತ್ತೆಣಿಸುವ ಅಂಕೆಗಳ ಚಕ್ರ. ಒಂದು ಪದರ ತಂತಿ ಮುಗಿದ ಕೂಡಲೇ ಒಂದು ಪದರ ಕಾಗದ. ತಂತಿ ಹರಿಯುವಾಗ ಅವರ ಎಡಗೈ ಹೆಬ್ಬೆರಳು ಮತ್ತು ತೋರುಬೆರಳು ಅದನ್ನು ಎಷ್ಟು ಬಿಗಿಯಲ್ಲಿ ಹಿಡಿದಿರುತ್ತವೆ ಎಂಬುದರಲ್ಲೇ ಆ ವಿದ್ಯೆಯೆಲ್ಲ ಇದೆ. ಬಿಗಿ ಹೆಚ್ಚಾದರೆ ತಂತಿಯ ಎನಾಮೆಲ್ ಸೀಳುತ್ತದೆ, ಸಡಿಲವಾದರೆ ಮುಂದೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಕೊನೆಗೆ ವಾರ್ನಿಷಿನಲ್ಲಿ ಅದ್ದಿ ಒಣಗಿಸಿ ಕೊಟ್ಟರು. ಎಷ್ಟು ಹೊತ್ತು ನಡೆಸಿದರೂ ಅದು ಸದ್ದು ಮಾಡುವುದಿಲ್ಲ.

ಚಾಸಿ, ಪೆಟ್ಟಿಗೆಗಳ ವಿಷಯ ಹೆಚ್ಚಿಲ್ಲ. ಅಲ್ಯೂಮಿನಿಯಂ ಹಾಳೆಯನ್ನು ಮಡಿಸಿ ಸಾಕೆಟ್ಟುಗಳಿಗೆ ರಂಧ್ರ ಕೊರೆಸಿದೆ. ಹಳೆಯ ಬೀರುವಿನ ತೇಗದ ಹಲಗೆಯಿಂದ ಬಡಗಿಯೊಬ್ಬರು ಹಿಂಬದಿ ತೆರೆದ ಪೆಟ್ಟಿಗೆ ಮಾಡಿಕೊಟ್ಟರು. ಒಳಗೆ ಎಂಟು ಇಂಚಿನ ರೇಡಿಯೊ ಸ್ಪೀಕರ್, ಕಾಗದದ ಕೋನ್ ಒಂದು ಕಡೆ ಸೀಳಿದ್ದನ್ನು ಟಿಶ್ಯೂ ಕಾಗದ, ಅಂಟು ಹಾಕಿ ಸರಿಪಡಿಸಿದ್ದೇನೆ.

ತಂತಿ ಎಳೆಯುವ ಕೆಲಸದಲ್ಲಿ ಮಾತ್ರ ಅವಸರ ಸಲ್ಲದು. ಹೀಟರಿನ ಎರಡು ತಂತಿಗಳನ್ನು ಜಡೆಯಂತೆ ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿ ಸಾಗಿಸಬೇಕು. ಎರಡರಲ್ಲೂ ಹರಿಯುವುದು ಎದುರುಬದುರು ದಿಕ್ಕಿನ ವಿದ್ಯುತ್ತು, ಆದ್ದರಿಂದ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತವೆ, 50 ಹರ್ಟ್ಸ್‌ನ ಗುಂಯ್‌ಕಾರ ಕಡಿಮೆಯಾಗುತ್ತದೆ. ಗಿಟಾರಿನ ಸಂಕೇತ ಬರುವ ಮೊದಲ ಗ್ರಿಡ್ಡಿಗೆ 68 ಕಿಲೋಓಮ್ ರೆಸಿಸ್ಟರನ್ನು ಸಾಕೆಟ್ಟಿನ ಕಾಲಿಗೇ ತಾಗುವಂತೆ ಬೆಸೆಯಬೇಕು. ಇದು ಯಾಕೆ ಬೇಕು ಎಂದು ಬೆಂಗಳೂರಿನವರಿಗೆ ಹೇಳುವುದು ಸುಲಭ. ಅದಿಲ್ಲದಿದ್ದರೆ ಆಂಪ್ಲಿಫೈಯರ್ ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರವನ್ನು ಹಿಡಿದು, ಗಿಟಾರ್ ಕೇಬಲ್ಲೇ ಏರಿಯಲ್ ಆಗಿ, ವಾರ್ತೆ ಕೇಳಿಸಲು ಶುರುಮಾಡಬಹುದು. ಆ ರೆಸಿಸ್ಟರ್ ವಾಲ್ವಿನೊಳಗೇ ಇರುವ ಕಂಡೆನ್ಸರಿನಂಥ ಧಾರಣಶಕ್ತಿಯ ಜೊತೆ ಸೇರಿ ರೇಡಿಯೊ ತರಂಗಗಳನ್ನು ಬಾಗಿಲಲ್ಲೇ ತಡೆದು ಗಿಟಾರಿನ ದನಿಯನ್ನು ಮಾತ್ರ ಒಳಗೆ ಬಿಡುತ್ತದೆ.

ಮೊದಲ ಸಲ ವಿದ್ಯುತ್ ಕೊಡುವಾಗ ನಮ್ಮ ಮೆಕ್ಯಾನಿಕ್ಕುಗಳ ಹಳೆಯ ಕ್ರಮವನ್ನೇ ಅನುಸರಿಸಿದೆ. ಮೇನ್ಸಿನ ದಾರಿಯಲ್ಲಿ ಒಂದು 100 ವಾಟಿನ ಬುರುಡೆ ಬಲ್ಬನ್ನು ಸೀರೀಸಿನಲ್ಲಿ ಹಾಕುವುದು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗಿ ಉಳಿದದ್ದನ್ನು ಕಾಪಾಡುತ್ತದೆ. ನನ್ನದು ಒಮ್ಮೆ ಮಿನುಗಿ ಮಂಕಾಯಿತು. ಬಲ್ಬು ತೆಗೆದು ಪೂರ್ತಿ ವೋಲ್ಟೇಜು ಕೊಟ್ಟಾಗ ಇಝಡ್80 ನಿಧಾನವಾಗಿ ಕಾದು ವೋಲ್ಟೇಜನ್ನು ಮೆಲ್ಲಗೆ ಏರಿಸಿತು. ಇಎಲ್84ರ ಕ್ಯಾಥೋಡಿಗೆ, ಅಂದರೆ ಎಲೆಕ್ಟ್ರಾನುಗಳು ಹೊರಡುವ ಭಾಗಕ್ಕೆ, ಹಾಕಿದ 150 ಓಮ್ ರೆಸಿಸ್ಟರಿನ ಮೇಲೆ 7 ವೋಲ್ಟ್. ಅಂದರೆ ಸುಮಾರು 47 ಮಿಲಿಆಂಪಿಯರ್, ಅದರಲ್ಲಿ ಐದರಷ್ಟು ಸ್ಕ್ರೀನ್ ಎಂಬ ಇನ್ನೊಂದು ಜಾಲರಿಗೆ ಹೋದರೂ ಆನೋಡಿನ ಮೇಲೆ ಬೀಳುವ ಹೊರೆ ಹತ್ತು ವಾಟಿನ ಆಸುಪಾಸು. ಇಎಲ್84 ತಡೆಯುವ ಮಿತಿ 12 ವಾಟ್. ವಾಲ್ವಿಗೆ ಸುಖವಾದ ಜಾಗ. ಸ್ಪೀಕರ್ ಜೋಡಿಸದೆ ಗಿಟಾರ್ ನುಡಿಸಲೇಬಾರದು, ಭಾರವಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಏಳುವ ವೋಲ್ಟೇಜು ಅದರ ಸುತ್ತುಗಳನ್ನೇ ಸೀಳಿಬಿಡುತ್ತದೆ. ಆಫ್ ಮಾಡಿದ ಮೇಲೂ ಕಂಡೆನ್ಸರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಅದನ್ನು ಬರಿದು ಮಾಡುವ ರೆಸಿಸ್ಟರನ್ನು ಶಾಶ್ವತವಾಗಿ ಬೆಸೆದಿದ್ದೇನೆ, ಆದರೂ ಮೀಟರ್ ಇಟ್ಟು ನೋಡಿಯೇ ಕೈ ಹಾಕುತ್ತೇನೆ.

ಇನ್ನು ದನಿ. ವಾಲ್ಯೂಮ್ ಅರ್ಧಕ್ಕಿಂತ ಕೆಳಗಿದ್ದಾಗ ಅದು ಸ್ವಚ್ಛ, ಬೆಚ್ಚಗೆ, ಮಧ್ಯಮ ಸ್ವರಗಳಲ್ಲಿ ತುಂಬು. ಪುಟ್ಟ ರೇಡಿಯೊ ಟ್ರಾನ್ಸ್‌ಫಾರ್ಮರಿಗೆ ಮಂದ್ರದ ಆಳವನ್ನು ಹೊರುವ ಶಕ್ತಿಯಿಲ್ಲ, ಹಾಗಾಗಿ ದಪ್ಪ ತಂತಿಗಳು ಗೊಜಗೊಜ ಎನ್ನದೆ ಬಿಗಿಯಾಗಿ ಕೇಳುತ್ತವೆ. ವಾಲ್ಯೂಮ್ ಏರಿಸಿದಂತೆ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ. ಇಸಿಸಿ83ರ ಒಂದೊಂದು ಹಂತವೂ ಸಂಕೇತವನ್ನು ಐವತ್ತು ಪಟ್ಟು ಹಿಗ್ಗಿಸಬಲ್ಲದು, ಇಎಲ್84 ತುಂಬಲು ಏಳೆಂಟು ವೋಲ್ಟ್ ಸಾಕು. ಜೋರಾಗಿ ಮೀಟಿದಾಗ ಅದು ಉಕ್ಕಿ ಹರಿಯುತ್ತದೆ. ಅಲೆಯ ಶಿಖರಗಳು ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಎಂಬಂತೆ ಒತ್ತಿಹೋಗುತ್ತವೆ, ಆ ಅಸಮತೆಯಿಂದ ಮೂಲಸ್ವರದ ಮೇಲಿನ ಸ್ಥಾಯಿ ತಾನಾಗಿ ಹುಟ್ಟುತ್ತದೆ. ಅದೇ ಗಳಿಗೆಯಲ್ಲಿ ವೋಲ್ಟೇಜು ತುಸು ಕುಗ್ಗಿ ಮತ್ತೆ ಏರುತ್ತದೆ. ಬೆರಳಿಗೆ ಇದು ಗೊತ್ತಾಗುತ್ತದೆ: ಮೀಟು ಮೊದಲು ಮೆತ್ತಗಾಗಿ, ಆಮೇಲೆ ಸ್ವರ ಅರಳಿ ನಿಲ್ಲುತ್ತದೆ. ಮೃದುವಾಗಿ ಮೀಟಿದರೆ ಅದೇ ಗುಂಡಿಯಲ್ಲಿ ಮತ್ತೆ ಸ್ವಚ್ಛ. ವಾಲ್ಯೂಮ್ ಮುಟ್ಟದೆ ಬೆರಳಿನಲ್ಲೇ ಎರಡು ದನಿ ತೆಗೆಯಬಹುದಾದ್ದರಿಂದಲೇ ನಾನು ಇದನ್ನು ವಾದ್ಯವೆನ್ನುತ್ತೇನೆ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಷಡ್ಜ ಪಂಚಮ. ಷಡ್ಜ 200 ಹರ್ಟ್ಸ್, ಪಂಚಮ 300 ಹರ್ಟ್ಸ್ ಇದ್ದು ಎರಡನ್ನೂ ಕೂಡಿಸಿ ಮೀಟಿದರೆ, ಉಕ್ಕಿದ ವಾಲ್ವು ಅವುಗಳ ವ್ಯತ್ಯಾಸವನ್ನೂ ನುಡಿಸುತ್ತದೆ. 100 ಹರ್ಟ್ಸ್, ಅಂದರೆ ಮಂದ್ರ ಷಡ್ಜ. ಯಾರೂ ಮೀಟದ ತಂತಿಯೊಂದು ಕೆಳಗಿನಿಂದ ದನಿಗೂಡಿಸುತ್ತದೆ. ಅದೇ ಗಿಟಾರಿನಲ್ಲಿ ಷಡ್ಜದ ಜೊತೆ ಅಂತರ ಗಾಂಧಾರ ನುಡಿಸಿದರೆ ಕಲಸುಮೇಲೋಗರ. ಗಿಟಾರಿನ ಮನೆಗಳ ಅಂತರ ಸಮ ವಿಭಾಗದ್ದು, ಅಲ್ಲಿ ಗಾಂಧಾರ 250ರ ಬದಲು 252ರಲ್ಲಿ ಕೂತಿರುತ್ತದೆ, ವ್ಯತ್ಯಾಸ 52 ಆಗಿ ಷಡ್ಜದ ಯಾವ ಸ್ಥಾಯಿಗೂ ಸೇರದೆ ಅಲ್ಲಾಡುತ್ತದೆ. ರಾಕ್ ಗಿಟಾರಿಗರು ಜೋರು ದನಿಯಲ್ಲಿ ಪಂಚಮದ ಜೋಡಿಯನ್ನೇ ಏಕೆ ನೆಚ್ಚಿಕೊಂಡರು ಎಂಬುದು ನನಗೆ ಪುಸ್ತಕದಿಂದ ತಿಳಿದಿತ್ತು, ನಾನೇ ಕಟ್ಟಿದ ಪೆಟ್ಟಿಗೆಯಲ್ಲಿ ತಂತಿಯನ್ನು ತುಸು ಎಳೆದು ಗಾಂಧಾರ ಸರಿಪಡಿಸಲು ಹೋದಾಗ ಕಿವಿಗೆ ಬಿತ್ತು.

ಜಾಲಹಳ್ಳಿಯ ವಾಲ್ವಿಗೆ ಹಾಲೆಂಡಿನ ವಾಲ್ವಿಗಿಂತ ಬೇರೆ ನಾದವಿದೆಯೇ ಎಂದು ಕೇಳುವವರಿದ್ದಾರೆ. ಯಂತ್ರ, ವಿಧಾನ ಎಲ್ಲ ಫಿಲಿಪ್ಸ್ ಸಹಯೋಗದ್ದು. ವಾಲ್ವೊಂದನ್ನೇ ಬದಲಿಸಿದರೆ ದೊಡ್ಡ ವ್ಯತ್ಯಾಸವನ್ನು ನನ್ನ ಕಿವಿ ಹೇಳುವುದಿಲ್ಲ. ಆದರೆ ಈ ವಾಲ್ವು, ರೇಡಿಯೊವಿನ ಈ ಸಣ್ಣ ಟ್ರಾನ್ಸ್‌ಫಾರ್ಮರ್, ಅಂಗಡಿಯವರು ಸುತ್ತಿಕೊಟ್ಟ ತಂತಿ, ಅಂಟು ಹಚ್ಚಿದ ಕಾಗದದ ಕೋನ್ ಎಲ್ಲ ಸೇರಿದ ದನಿ ಚಾಂಪ್‌ನದೂ ಅಲ್ಲ, ವಾಕ್ಸ್‌ನದೂ ಅಲ್ಲ. ನಾನು ಹುಡುಕಿದ್ದು ಇದನ್ನೇ.

ಇತ್ತೀಚೆಗೆ ಈ ವಾಲ್ವುಗಳನ್ನು ರಟ್ಟಿನ ಡಬ್ಬಿಯ ಸಮೇತ ಸಂಗ್ರಹಿಸಿ ಹೊರದೇಶಕ್ಕೆ ಮಾರುವವರು, ಕಪಾಟಿನಲ್ಲಿಟ್ಟು ತೋರಿಸುವವರು ಹೆಚ್ಚಾಗಿದ್ದಾರೆ. ಕ್ಯಾಥೋಡಿನ ಮೇಲೆ ಬಳಿದ ಆಕ್ಸೈಡ್ ಕಾದು ಎಲೆಕ್ಟ್ರಾನು ಚಿಮ್ಮಿಸಲೆಂದೇ ಇರುವುದು. ಬಳಸಿದರೆ ಒಂದು ದಿನ ಮುಗಿಯುತ್ತದೆ ನಿಜ, ಮುಗಿಯುವಷ್ಟು ಬಳಸಬೇಕು ಎಂಬುದು ನನ್ನ ಪಕ್ಷ. ನನ್ನ ಆಂಪ್ಲಿಫೈಯರ್ ವಾರದಲ್ಲಿ ಹಲವು ಸಂಜೆ ಉರಿಯುತ್ತದೆ. ಡ್ರಾಯರಿನಲ್ಲಿ ಎರಡು ಬದಲಿ ಇಎಲ್84 ಇವೆ, ಅವನ್ನೂ ಡಬ್ಬಿಯಲ್ಲಿ ಉಳಿಸುವ ಉದ್ದೇಶವಿಲ್ಲ. ಅವೆರಡನ್ನು ಪುಶ್‌ಪುಲ್ ಜೋಡಿಯಾಗಿ, ಒಂದು ತಳ್ಳಿದಾಗ ಇನ್ನೊಂದು ಎಳೆಯುವಂತೆ, ಕೂರಿಸಿ ಹತ್ತು ವಾಟಿನ ಇನ್ನೊಂದನ್ನು ಕಟ್ಟಬೇಕೆಂದಿದ್ದೇನೆ. ಅದಕ್ಕೆ 8,000 ಓಮ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕು, ಗುಜರಿಯಲ್ಲಿ ಈವರೆಗೆ ಸಿಕ್ಕಿಲ್ಲ. ವೈಂಡಿಂಗ್ ಅಂಗಡಿಯವರಿಗೆ ಲೆಕ್ಕ ಬರೆದುಕೊಟ್ಟು ಬಂದಿದ್ದೇನೆ. ತಂದೆಯವರ ಹಳೆಯ ಪುಸ್ತಕ ನೋಡಿ, ದಸರಾ ಕಳೆದ ಮೇಲೆ ಸುತ್ತಿಕೊಡುವುದಾಗಿ ಒಪ್ಪಿದ್ದಾರೆ.